ಬಿಸಿ ರೊಟ್ಟಿಗೆ ಖಾನಾವಳಿಯೇ ಸೈ: ವಿದ್ಯಾನಗರದ ಹೊಸ ಹೋಟೆಲ್ ಜೊತೆ ಒಂದು ಹೋಲಿಕೆ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಹೊಸದಾಗಿ ತೆರೆದ ಹೋಟೆಲ್ಲಿನಲ್ಲಿ ಮೂರು ಸಲ, ಹಳೇ ಬಸ್ ನಿಲ್ದಾಣದ ಕಡೆಯ ಖಾನಾವಳಿಯಲ್ಲಿ ಮೂರು ಸಲ, ಎರಡೂ ಕಡೆ ಅದೇ ಜೋಳದ ರೊಟ್ಟಿ ಊಟ ಮಾಡಿ ನೋಡಿದ್ದಾಯಿತು. ನನ್ನ ಮತ ಖಾನಾವಳಿಗೆ. ಅದಕ್ಕೆ ಮುಖ್ಯ ಕಾರಣ ರೊಟ್ಟಿ.

ಹೊಸ ಹೋಟೆಲ್ಲಿನಲ್ಲಿ ರೊಟ್ಟಿ ಮೊದಲೇ ಮಾಡಿ ಹಾಟ್‌ಬಾಕ್ಸಿನಲ್ಲಿ ಒಂದರ ಮೇಲೊಂದು ಒಟ್ಟಿರುತ್ತಾರೆ. ಹಂಚಿನಿಂದ ಇಳಿದ ಮೇಲೂ ರೊಟ್ಟಿ ಹಬೆ ಬಿಡುತ್ತಿರುತ್ತದೆ. ಮುಚ್ಚಳ ಹಾಕಿದರೆ ಆ ಹಬೆಯೇ ನೀರಾಗಿ ತಿರುಗಿ ರೊಟ್ಟಿಗೆ ಇಳಿಯುತ್ತದೆ. ತಳದ ರೊಟ್ಟಿಗಳು ಒಂದಕ್ಕೊಂದು ಅಂಟುತ್ತವೆ, ಮೇಲಿನದು ತೊಗಲಿನಂತಾಗುತ್ತದೆ. ತಟ್ಟೆಗೆ ಬಂದು ಫ್ಯಾನಿನ ಗಾಳಿ ತಾಗಿದರೆ ಐದಾರು ನಿಮಿಷಕ್ಕೆ ಬಿರುಸು. ದೂರು ಹೇಳಿದರೆ ಮೈಕ್ರೋವೇವಿನಲ್ಲಿ ಬಿಸಿ ಮಾಡಿ ತರುತ್ತಾರೆ. ಆಗ ಉಳಿದ ಪಸೆಯೂ ಹೋಗಿ, ಆರಿದ ಮೇಲೆ ಮುರಿಯಲು ಎರಡೂ ಕೈ ಬೇಕು. ಬುಟ್ಟಿಯಲ್ಲಿ ಅರಿವೆ ಹಾಸಿ ಸಡಿಲವಾಗಿ ಮುಚ್ಚಿಟ್ಟಿದ್ದರೂ ಇಷ್ಟು ಕೆಡುತ್ತಿರಲಿಲ್ಲ.

ಹಿಟ್ಟಿನದೂ ಒಂದು ತಕರಾರು. ಜೋಳದಲ್ಲಿ ಗ್ಲುಟನ್ ಇಲ್ಲ. ಕುದಿಯುವ ನೀರು ಹಾಕಿ ಕಲಸಿದಾಗ ಬರುವ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ಬೀಸಿಸಿ ತಿಂಗಳಾದ ಹಿಟ್ಟಿಗೆ ಆ ಜಿಗಿ ಕಡಿಮೆ, ಬಡಿಯುವಾಗ ಅಂಚು ಸೀಳುತ್ತದೆ, ರುಚಿಯಲ್ಲಿ ಸಣ್ಣ ಕಹಿ ಬರುತ್ತದೆ. ಸೀಳಬಾರದೆಂದು ಗೋಧಿ ಹಿಟ್ಟು ಬೆರೆಸುವುದುಂಟು. ಇಲ್ಲಿಯೂ ಬೆರೆಸಿದಂತೆ ಅನಿಸಿತು: ಬರೀ ಜೋಳದ ರೊಟ್ಟಿ ಜಗ್ಗಿದರೆ ಥಟ್ಟನೆ ಹರಿಯುತ್ತದೆ, ಇದು ಚಪಾತಿಯಂತೆ ಎಳೆದಷ್ಟೂ ಬಂತು.

ಖಾನಾವಳಿಯಲ್ಲಿ ಒಲೆ ಕಣ್ಣೆದುರೇ ಇದೆ. ರೊಟ್ಟಿ ಬಡಿಯುವ ಅಕ್ಕಾರು ಹಿಟ್ಟನ್ನು ಅಂಗೈ ಬುಡದಿಂದ ನಾದುತ್ತಾರೆ, ತಿರುಗಿಸುತ್ತ ಬಡಿಯುತ್ತಾರೆ, ಹಂಚಿಗೆ ಹಾಕಿದ ಕೂಡಲೇ ಮೇಲೆ ಒದ್ದೆ ಅರಿವೆ ಸವರುತ್ತಾರೆ. ಆ ನೀರು ಆರುತ್ತಿದ್ದಂತೆ ಮಗುಚಬೇಕು. ಅವಸರ ಮಾಡಿದರೆ ಹಂಚಿಗೆ ಹತ್ತುತ್ತದೆ, ತಡ ಮಾಡಿದರೆ ಬಿರುಕು ಬಿಟ್ಟು ಹಬೆ ಸೋರಿ ಉಬ್ಬುವುದಿಲ್ಲ. ಸರಿಯಾಗಿ ಬಂದ ರೊಟ್ಟಿ ಪೂರ್ತಿ ಉಬ್ಬಿ ಎರಡು ಪದರಾಗಿ ತಟ್ಟೆಗೆ ಬೀಳುತ್ತದೆ. ಮೇಲಿನ ಪದರು ತೆಳ್ಳಗೆ, ಕೆಳಗಿನದು ಮೆತ್ತಗೆ. ‘ಒಂದೊಂದ ತರ್ರಿ ಅಣ್ಣಾ’ ಅಂದರೆ ಸಾಕು, ಒಂದು ಮುಗಿದ ಮೇಲೇ ಇನ್ನೊಂದು ಬರುತ್ತದೆ.

ಎಣ್ಣೆಗಾಯಿಯಲ್ಲೂ ಅಂತರವಿದೆ. ಖಾನಾವಳಿಯವರು ಸಣ್ಣ ಮುಳಗಾಯಿಯನ್ನು (ಬದನೆಕಾಯಿ) ತೊಟ್ಟು ಬಿಡದಂತೆ ನಾಲ್ಕು ಸೀಳಿ, ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆಹುಳಿ, ಬೆಲ್ಲದ ಮಸಾಲಿ ತುಂಬಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಉಪ್ಪು, ಹುಳಿ ಕಾಯಿಯ ಒಳಗೆ ಇಳಿದಿರುತ್ತದೆ. ಹೊಸ ಹೋಟೆಲ್ಲಿನದು ಕರಿದ ಬದನೆಕಾಯಿ, ಮೇಲೆ ಗ್ರೇವಿ. ಕಾಯಿ ಬಿಡಿಸಿದರೆ ಒಳಗೆ ಸಪ್ಪೆ.

ಝುಣಕ ಎರಡೂ ಕಡೆ ಚೆನ್ನ. ಪುಂಡಿಪಲ್ಯ ಖಾನಾವಳಿಯಲ್ಲಿ ಮಾತ್ರ, ಜೋಳದ ನುಚ್ಚು ಹಾಕಿ ಮಾಡಿದ್ದು. ಗಟ್ಟಿ ಮೊಸರು ಹೊಸ ಹೋಟೆಲ್ಲಿನದೇ ಮೇಲು. ಕೆಂಪು ಖಾರದಲ್ಲೂ ಅವರೇ ಗೆದ್ದರು: ಬ್ಯಾಡಗಿ ಮೆಣಸಿನಕಾಯಿಯ ಗಾಢ ಬಣ್ಣ, ಹಸಿ ಬೆಳ್ಳುಳ್ಳಿಯ ಘಮ, ನಾಲಿಗೆ ಉರಿಸದಷ್ಟು ಖಾರ. ಅನ್ನ, ಸಾರಿನ ಬಗ್ಗೆ ಹೇಳುವಂಥದ್ದೇನಿಲ್ಲ.

ಖಾನಾವಳಿಗೆ ಒಂದರಿಂದ ಎರಡೂವರೆ ನಡುವೆ ಹೋಗಬೇಡಿ. ಜಾಗಕ್ಕಾಗಿ ಉಣ್ಣುವವರ ಬೆನ್ನ ಹಿಂದೆ ನಿಲ್ಲಬೇಕಾಗುತ್ತದೆ, ಒಲೆಯ ಮೇಲೂ ಒತ್ತಡ ಬಿದ್ದು ರೊಟ್ಟಿ ದಪ್ಪಗಾಗುತ್ತದೆ. ಹನ್ನೆರಡೂವರೆಗೆ ಹೋದರೆ ಎಲ್ಲ ಸಲೀಸು. ಕಾರು ನಿಲ್ಲಿಸಲು ಜಾಗವಿಲ್ಲ.

ಖಾನಾವಳಿ ಊಟಕ್ಕೆ 110 ರೂಪಾಯಿ, ಹೊಸ ಹೋಟೆಲ್ಲಿನಲ್ಲಿ 220. ವಾರಕ್ಕೆ ಎರಡು ದಿನ ಹೊರಗೆ ಉಣ್ಣುವ ನನ್ನಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಮನೆಯ ಹಿರಿಯರನ್ನು, ಮಕ್ಕಳನ್ನು ಕರೆದೊಯ್ಯುವಾಗ ಆರಾಮಾಗಿ ಕೂರಲು ಹೊಸ ಹೋಟೆಲ್ಲೇ ಅನುಕೂಲ. ಅಲ್ಲಿಗೆ ಹೋದರೆ ಬಿಸಿ ರೊಟ್ಟಿ ಬಿಟ್ಟು ಖಡಕ್ ರೊಟ್ಟಿ ಹೇಳಿ. ಅದನ್ನು ಪಸೆ ಹೋಗುವ ತನಕ ಹಂಚಿನ ಮೇಲೆ ಒತ್ತಿ ಸುಟ್ಟಿರುತ್ತಾರೆ, ಹಾಗಾಗಿ ಹಾಟ್‌ಬಾಕ್ಸಿನ ಗೊಡವೆ ಇಲ್ಲ. ಆ ಕೆಂಪು ಖಾರಕ್ಕೆ ಎರಡು ಚಮಚ ಮೊಸರು ಕಲಸಿಕೊಂಡು, ಹಸಿ ಉಳ್ಳಾಗಡ್ಡಿ ಜೊತೆ ತಿನ್ನಿ.