ಲಾನ್ ಹುಲ್ಲು ತಗೊಳ್ಳೋರೇ, ಬರೀ ಹಸಿರು ನೋಡಿ ದುಡ್ಡು ಕೊಡಬೇಡಿ

ಮನೆ ಮುಂದಿನ ಜಾಗಕ್ಕೆ ಬರ್ಮುಡಾ ಹುಲ್ಲಿನ ಹಾಸು (ಹೊಲದಿಂದ ಮಣ್ಣಿನ ಸಮೇತ ಕತ್ತರಿಸಿ ತರುವ ತುಂಡುಗಳು) ತರಿಸಿದ್ದೆವು. ಬಂದಾಗ ಕಣ್ಣಿಗೆ ಹಬ್ಬ, ಅಷ್ಟು ಕಡುಹಸಿರು. ಸ್ವಲ್ಪ ದಿನಕ್ಕೇ ಹಳದಿಯಾಗಿ ಒಣಗಿತು. ಒಂದು ತುಂಡು ಹಿಡಿದೆತ್ತಿದರೆ ಚಾಪೆಯ ಹಾಗೆ ಎದ್ದು ಬಂತು. ಹೊಸ ಬೇರು ಒಂದೂ ಇಲ್ಲ! ಮಾರಿದವರು "ನೀರು ಸಾಲಲಿಲ್ಲ ಸರ್" ಅಂದರು.

ನೀರಿನ ತೊಂದರೆಯಲ್ಲ ಅದು. ಹಾಸು ಕತ್ತರಿಸುವಾಗ ಬೇರಿನ ಬಹುಪಾಲು ಹೊಲದಲ್ಲೇ ಉಳಿಯುತ್ತದೆ. ಹೊಸ ಬೇರು ಬಿಡೋಕೆ ಹುಲ್ಲು ಕೂಡಿಟ್ಟುಕೊಂಡ ಪಿಷ್ಟ, ಸಕ್ಕರೆ ಬೇಕು. ಬರ್ಮುಡಾ ಅಂದರೆ ನಮ್ಮ ಗರಿಕೆಯ ಜಾತಿಯೇ. ಈ ದಾಸ್ತಾನು ಹೆಚ್ಚಾಗಿ ಇರುವುದು ನೆಲದ ಮೇಲೆ ಹಬ್ಬುವ, ಮಣ್ಣೊಳಗೆ ಹರಿಯುವ ಕಾಂಡದಲ್ಲಿ. ಮಾರುವ ಮುಂಚೆ ಯೂರಿಯಾ ಜಾಸ್ತಿ ಸುರಿದರೆ ಎಲೆ ಚಿಗುರುತ್ತದೆ, ದಾಸ್ತಾನು ಕರಗುತ್ತದೆ. ನೆರಳಲ್ಲಿ ಬೆಳೆಸಿದರೂ ಅದೇ ಕಥೆ. ಇನ್ನು ಹಾಸುಗಳನ್ನು ಪೇರಿಸಿ ಟಾರ್ಪಾಲ್ ಮುಚ್ಚಿಟ್ಟರೆ ಒಳಗೆ ಬಿಸಿಯೇರಿ ಉಳಿದದ್ದೂ ಖಾಲಿ. ನಮ್ಮ ಲೋಡಿನ ನಡುವಿನ ತುಂಡುಗಳು ಕೈಗೆ ಬೆಚ್ಚಗಿದ್ದವು.

ಹುಲ್ಲಿನ ಈ ದಾಸ್ತಾನು ಅಳೆಯೋಕೆ ಲ್ಯಾಬೇ ಬೇಕಂತಿಲ್ಲ. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಹುಲ್ಲಿನ ತಳಿ ಬೆಳೆಸಿದ ಗ್ಲೆನ್ ಬರ್ಟನ್ ಮತ್ತು ಜಾಕ್ಸನ್ 1962ರಲ್ಲೇ ಒಂದು ವಿಧಾನ ಬರೆದಿಟ್ಟಿದ್ದಾರೆ. ಹುಲ್ಲಿನ ತುಂಡಿನ ಎಲೆಯನ್ನೆಲ್ಲ ಕತ್ತರಿಸಿ, ನೀರು ಕೊಟ್ಟು, ಕಗ್ಗತ್ತಲೆಯಲ್ಲಿ ಬೆಚ್ಚಗಿಡುವುದು. ಬೆಳಕಿಲ್ಲದ ಮೇಲೆ ಹೊಸ ಆಹಾರ ತಯಾರಾಗುವುದಿಲ್ಲ, ಅಲ್ವಾ? ಹಾಗಾಗಿ ಬರುವ ಬಿಳಿಚಿದ ಚಿಗುರೆಲ್ಲ ದಾಸ್ತಾನಿನಿಂದಲೇ. ಆಗಾಗ ಕತ್ತರಿಸಿ, ಒಣಗಿಸಿ, ಚಿಗುರು ನಿಲ್ಲುವವರೆಗಿನ ಒಟ್ಟು ತೂಕ ನೋಡಬೇಕು. ಹಸಿ ತೂಕ ನಂಬಬೇಡಿ, ಅದರಲ್ಲಿ ಬಹುಪಾಲು ನೀರೇ.

ಹಾಸದೆ ಉಳಿದಿದ್ದ ತುಂಡನ್ನೂ ಪಕ್ಕದ ಮನೆಯ ಬರ್ಮುಡಾ ಲಾನಿನಿಂದ ಅಷ್ಟೇ ಅಗಲದ ತುಂಡನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿಟ್ಟೆ. ನಮ್ಮದು ನಾಲ್ಕು ಎಳೆ ಬಿಟ್ಟು ಸುಮ್ಮನಾಯಿತು. ಅವರದ್ದು ಕತ್ತರಿಸಿದ ಹಾಗೆಲ್ಲ ಮತ್ತೆ ಬಂತು.

ತೂಗೋಕೆ ತಕ್ಕಡಿ ಇಲ್ಲದಿದ್ದರೂ ಇಷ್ಟು ಕಣ್ಣಿಗೇ ಕಾಣುತ್ತದೆ. ಮುಂಗಡ ಕೊಡುವ ಮೊದಲು ಅದೇ ಹೊಲದ ಒಂದು ತುಂಡು ಕೇಳಿ ತಂದು ನೋಡಿ. ಆದರೆ ಲಾರಿಯಲ್ಲಿ ಬೆಂದದ್ದು ಆ ಸ್ಯಾಂಪಲ್‌ನಲ್ಲಿ ಗೊತ್ತಾಗಲ್ಲ. ಅದಕ್ಕೆ ಇಳಿಸುವಾಗಲೇ ರಾಶಿಯ ನಡುವೆ ಕೈ ಹಾಕಿ, ಬಿಸಿಯಿದ್ದರೆ ವಾಪಸ್ ಕಳಿಸಿ.

ನಮಗೆ ದುಡ್ಡು ವಾಪಸ್ ಬಂದಿಲ್ಲ. ಇನ್ನೊಂದು ಲೋಡ್ ಅರ್ಧ ರೇಟಿಗೆ ಕೊಡ್ತಾರಂತೆ!