ಮರುಭೂಮಿಯ ಮಳೆಮೋಡ ಮತ್ತು ಲೈಟ್‌ರೂಮ್ ಕ್ಲಾಸಿಕ್: ಕಾರವಾರದಿಂದ ಒಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಜೈಸಲ್ಮೇರ್ ಕಡೆಯ ಮರಳುದಿಬ್ಬ, ಅದರ ಮೇಲೆ ಕಪ್ಪು ಮೋಡ, ಇಂಥ ಫೋಟೊ ತಿದ್ದುವುದಕ್ಕೆ ಲೈಟ್‌ರೂಮ್ ಕ್ಲಾಸಿಕ್ ಒಳ್ಳೆಯ ಸಾಫ್ಟ್‌ವೇರ್. ಆದರೆ ಕೊಟ್ಟ ದುಡ್ಡು ವಸೂಲಾಗುವುದು ಫೋಟೊದ ಒಂದೊಂದು ಭಾಗವನ್ನಷ್ಟೇ ಆರಿಸಿ ತಿದ್ದಲು ಬಿಡುವ ಅದರ ಮಾಸ್ಕ್‌ಗಳಿಂದ, ಎಲ್ಲರೂ ಮೊದಲು ಕೈ ಹಾಕುವ, ಮಬ್ಬು ತೆಗೆಯುವ ಡೀಹೇಜ್ ಸ್ಲೈಡರ್‌ನಿಂದ ಅಲ್ಲ. ನಮ್ಮ ಕರಾವಳಿಯಿಂದ ರಾಜಸ್ಥಾನಕ್ಕೆ ಹೋಗಿಬಂದವರು ತೋರಿಸುವ ಎಷ್ಟೋ ಚಂದದ ಫೋಟೊಗಳಲ್ಲಿ ಆಕಾಶ ಇಂಕು ಚೆಲ್ಲಿದ ಹಾಗೆ ನೀಲಿಯಾಗಿರುತ್ತದೆ. ನೋಡಿ ಬೇಜಾರಾಗುತ್ತದೆ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಅಲ್ಲಿಯ ಮಳೆಮೋಡ ನಮ್ಮದರ ಹಾಗಲ್ಲ. ಕಾರವಾರದಲ್ಲಿ ಜೂನ್ ಮೊದಲ ವಾರ ಮಳೆ ಹಿಡಿಯಿತೆಂದರೆ ಆಕಾಶ ಪೂರ್ತಿ ಒಂದೇ ಬೂದು ಬಣ್ಣ. ಟಾಗೋರ್ ಕಡಲತೀರದಲ್ಲಿ ನಿಂತರೆ ಎದುರಿನ ದ್ವೀಪಗಳೇ ಮಳೆಯಲ್ಲಿ ಮುಚ್ಚಿಹೋಗುತ್ತವೆ, ಮೋಡಕ್ಕೆ ಆಕಾರ ಅಂತ ಏನೂ ಸಿಗುವುದಿಲ್ಲ. ಥಾರ್‌ನಲ್ಲಿ ಮುಂಗಾರು ಮುಟ್ಟುವುದೇ ಸಾಮಾನ್ಯವಾಗಿ ಜುಲೈಯಲ್ಲಿ. ಜೈಸಲ್ಮೇರ್‌ಗೆ ವರ್ಷವಿಡೀ ಬೀಳುವ ಮಳೆ ಸುಮಾರು 200 ಮಿ.ಮೀ. ಆಸುಪಾಸು, ಅಷ್ಟು ನಮ್ಮಲ್ಲಿ ಕೆಲವೊಮ್ಮೆ ಒಂದೇ ದಿನ ಹೊಡೆಯುತ್ತದೆ. ಅಲ್ಲಿ ಒಂಟಿ ಮೋಡ ಬುಡದಿಂದ ತಲೆಯವರೆಗೆ ಪೂರ್ತಿ ಕಾಣುತ್ತದೆ. ಅದರಿಂದ ಮಳೆಯ ಪರದೆ ಇಳಿಯುತ್ತದೆ, ಆದರೆ ಕೆಳಗಿನ ಒಣ ಗಾಳಿಗೆ ಹನಿಗಳು ನೆಲ ಮುಟ್ಟುವ ಮೊದಲೇ ಆವಿಯಾಗಿ ಹೋಗುವುದೂ ಉಂಟು. ಇದಕ್ಕೆ ವಿರ್ಗಾ ಅನ್ನುತ್ತಾರೆ. ನಡು ಆಕಾಶದಲ್ಲೇ ನಿಂತುಹೋದ ಆ ಮಳೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇಷ್ಟೆಲ್ಲ ಎಡಿಟಿಂಗ್ ಮಾಡುವುದು, ಅಲ್ವಾ?

ಇನ್ನೊಂದು ವಿಷಯ, ಇದು ಬಹಳ ಮುಖ್ಯ. ಸಾಮಾನ್ಯ ಫೋಟೊದಲ್ಲಿ ಆಕಾಶ ಬೆಳ್ಳಗೆ, ನೆಲ ಕಪ್ಪು. ಜೈಸಲ್ಮೇರ್‌ನಿಂದ 40 ಕಿ.ಮೀ. ದೂರದ ಸಮ್ ದಿಬ್ಬಗಳ ಮೇಲೆ ಸಂಜೆ ಹೊತ್ತು ಪಶ್ಚಿಮದ ಬಿಸಿಲು ಮೋಡದ ಕೆಳಗಿಂದ ತೂರಿಬಂದು ಹೊಯ್ಗೆಯ ಮೇಲೆ ಬಿದ್ದರೆ, ಪೂರ್ವದ ಆಕಾಶ ಸ್ಲೇಟಿನ ಬಣ್ಣಕ್ಕೆ ತಿರುಗಿದ್ದರೆ, ಲೆಕ್ಕ ಪೂರಾ ತಲೆಕೆಳಗಾಗುತ್ತದೆ. ನೆಲ ಬೆಳಗುತ್ತದೆ, ಆಕಾಶ ಕಪ್ಪಾಗುತ್ತದೆ. ಕ್ಯಾಮೆರಾದ ಮೀಟರ್ ಆ ಕಪ್ಪನ್ನು ನೋಡಿ ಬೆಳಕು ಸಾಲದು ಅಂದುಕೊಂಡು ಒಳಬರುವ ಬೆಳಕನ್ನು, ಅಂದರೆ ಎಕ್ಸ್‌ಪೋಶರ್ ಏರಿಸುತ್ತದೆ, ಮರಳು ವಿವರವಿಲ್ಲದೆ ಬಿಳುಚಿ ಸುಟ್ಟುಹೋಗುತ್ತದೆ. ಆದ್ದರಿಂದ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 0.7ರಿಂದ 1ರವರೆಗೆ ಇಳಿಸಿ, ಕ್ಯಾಮೆರಾ ಹಿಡಿದ ಮಾಹಿತಿಯನ್ನೆಲ್ಲ ಉಳಿಸಿಕೊಳ್ಳುವ ರಾ ಫೈಲ್‌ನಲ್ಲೇ ತೆಗೆಯಿರಿ. ಲೈಟ್‌ರೂಮ್‌ಗೆ ತಂದ ಮೇಲೆ ಜೆ ಕೀ ಒತ್ತಿ ನೋಡಿ. ಮರಳಿನ ಮೇಲೆ ಕೆಂಪು ಬಂದರೆ ಅಲ್ಲಿ ಹೈಲೈಟ್, ಅಂದರೆ ಅತಿ ಬೆಳ್ಳಗಿನ ಭಾಗದ ವಿವರ, ಹೋಗಿದೆ ಎಂದರ್ಥ.

ಈಗ ಡೀಹೇಜ್. 2015ರಲ್ಲಿ ಬಂದ ಈ ಸ್ಲೈಡರ್ ಮಬ್ಬು ತೆಗೆಯುವುದರಲ್ಲಿ ನಿಜಕ್ಕೂ ಗಟ್ಟಿ. ದೂರದ ಮಳೆಪರದೆಯ ಗೆರೆಗಳು ಎದ್ದು ಬರುವುದಕ್ಕೆ ಪ್ಲಸ್ 10 ಸಾಕು. 40, 50 ಅಂತ ಎಳೆದರೆ ಮೋಡದ ನೆರಳೆಲ್ಲ ಕಪ್ಪಾಗಿ, ನೀಲಿ ಬಣ್ಣ ಏರಿ, ಮರಳು ಕಿತ್ತಳೆ ಸಿಪ್ಪೆಯ ಬಣ್ಣಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮೇ, ಜೂನ್‌ನಲ್ಲಿ ಅಲ್ಲಿ ಬೀಸುವ ಧೂಳು ಬಿರುಗಾಳಿಗೆ ಆಂಧಿ ಅನ್ನುತ್ತಾರೆ. ಆ ಫೋಟೊದಲ್ಲಿ ಇರುವ ಮಬ್ಬೇ ಆಂಧಿ. ಮಬ್ಬು ತೆಗೆದರೆ ಬಿರುಗಾಳಿಯನ್ನೇ ತೆಗೆದ ಹಾಗೆ. ಅಂಥ ಫೋಟೊಕ್ಕೆ ನಾನು ಡೀಹೇಜ್ ಸೊನ್ನೆಯಲ್ಲೇ ಬಿಡುತ್ತೇನೆ, ಕೆಲವೊಮ್ಮೆ ಮೈನಸ್ 5ಕ್ಕೂ ಇಳಿಸುತ್ತೇನೆ.

ಮಾಸ್ಕ್‌ಗಳು ಮಾತ್ರ ಬೇರೆಯೇ ಮಟ್ಟ. 2021ರ ಅಕ್ಟೋಬರ್‌ನಲ್ಲಿ ಬಂದ ಸೆಲೆಕ್ಟ್ ಸ್ಕೈ ಒಂದು ಕ್ಲಿಕ್‌ಗೆ ಆಕಾಶವನ್ನು ಆರಿಸಿಕೊಡುತ್ತದೆ. ಮರುಭೂಮಿಗೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ದಿಬ್ಬದ ಅಂಚು ಒಂದೇ ಗೆರೆ. ನಮ್ಮ ದೇವಬಾಗದ ಗಾಳಿಮರ, ತೆಂಗಿನ ಗರಿಗಳ ನಡುವಿನ ಆಕಾಶ ಆರಿಸುವಷ್ಟು ಕಷ್ಟ ಅಲ್ಲಿಲ್ಲ. ಆದರೂ ಒಂದು ಕಡೆ ಹುಷಾರಾಗಿರಬೇಕು. ಗಾಳಿ ಜೋರಿದ್ದಾಗ ದಿಬ್ಬದ ತುದಿಯಿಂದ ಮರಳು ಹೊಗೆಯ ಹಾಗೆ ಹಾರುತ್ತಿರುತ್ತದೆ. ಅದು ಅತ್ತ ಆಕಾಶವೂ ಅಲ್ಲ, ಇತ್ತ ನೆಲವೂ ಅಲ್ಲ. ಆಕಾಶದ ಬೆಳಕನ್ನು ಒಂದು ಸ್ಟಾಪ್‌ಗಿಂತ ಜಾಸ್ತಿ (ಅಂದರೆ ಅರ್ಧಕ್ಕಿಂತ ಕೆಳಗೆ) ಇಳಿಸಿದರೆ ಆ ಅಂಚಿನಲ್ಲಿ ಬಿಳಿ ಪಟ್ಟಿ ಏಳುತ್ತದೆ, ಹಾರುವ ಮರಳು ಕೊಳೆಯ ಹಾಗೆ ಕಾಣುತ್ತದೆ. ಓ ಕೀ ಒತ್ತಿ ಮಾಸ್ಕಿನ ಕೆಂಪು ಎಲ್ಲಿಯವರೆಗೆ ಹರಡಿದೆ ಎಂದು ದೊಡ್ಡದು ಮಾಡಿ ನೋಡಿ, ಅಲ್ಲಿ ಬ್ರಷ್‌ನಿಂದ ಕಳೆಯಿರಿ.

ನನ್ನ ಕೆಲಸದ ರೀತಿ ಈಗ ಹೀಗೆ. ಆಕಾಶವನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟು, ನೆಲದ ಮೇಲೆ ಕೈ ಹಾಕುತ್ತೇನೆ. ಕಲರ್ ರೇಂಜ್ ಮಾಸ್ಕ್ ತೆಗೆದುಕೊಂಡು ಬಿಸಿಲು ಬಿದ್ದ ಮರಳಿನ ಮೇಲೆ ಕ್ಲಿಕ್ ಮಾಡಿದರೆ ಬೆಳಗಿದ ಭಾಗ ಮಾತ್ರ ಆಯ್ಕೆಯಾಗುತ್ತದೆ, ನೆರಳಿನ ಇಳಿಜಾರು ಹೊರಗೆ ಉಳಿಯುತ್ತದೆ. ರಿಫೈನ್ ಸ್ಲೈಡರ್ ಸ್ವಲ್ಪ ಇಳಿಸಿ, ಎಕ್ಸ್‌ಪೋಶರ್ ಪ್ಲಸ್ 0.25, ಟೆಕ್ಸ್‌ಚರ್ ಪ್ಲಸ್ 15. ಗಾಳಿ ಬರೆದ ಸಣ್ಣ ಸಣ್ಣ ಅಲೆಗಳು ಒಂದೊಂದಾಗಿ ಏಳುತ್ತವೆ, ಮತ್ತು ಆ ಬೆಳಕಿನ ಪಕ್ಕ ಮೋಡ ತಾನಾಗಿಯೇ ಇನ್ನೂ ಕಪ್ಪಾಗಿ ಕಾಣುತ್ತದೆ. ಮೋಡವನ್ನು ಮುಟ್ಟಿಯೇ ಇಲ್ಲ! ಬಣ್ಣದ ಬಿಸಿ-ತಂಪು ಹೊಂದಿಸುವ ವೈಟ್ ಬ್ಯಾಲೆನ್ಸ್ 5300 ಕೆಲ್ವಿನ್ ಆಸುಪಾಸು ಇಟ್ಟರೆ ಮರಳಿನ ಬಿಸಿ, ಮೋಡದ ತಂಪು ಎರಡೂ ಉಳಿಯುತ್ತವೆ.

ಧೂಳಿನ ಚುಕ್ಕೆಗಳ ಬಗ್ಗೆಯೂ ಹೇಳಬೇಕು. ಮರುಭೂಮಿಯಲ್ಲಿ ಲೆನ್ಸ್ ಬದಲಿಸಿದವರ ಸೆನ್ಸರ್ ಮೇಲೆ ಧೂಳು ಕೂರದೇ ಇರುವುದಿಲ್ಲ, ಸಪಾಟು ಬೂದು ಆಕಾಶದಲ್ಲಿ ಅದೆಲ್ಲ ಕಾಣುತ್ತದೆ. ಹೀಲ್ ಟೂಲ್‌ನಲ್ಲಿ ವಿಶುವಲೈಸ್ ಸ್ಪಾಟ್ಸ್ ಹಾಕಿದರೆ ಚುಕ್ಕೆಗಳು ಕಪ್ಪುಬಿಳುಪಿನಲ್ಲಿ ಎದ್ದು ತೋರುತ್ತವೆ. ಊರಿಗೆ ಬಂದ ಮೇಲೆ ಕ್ಯಾಮೆರಾವನ್ನು ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಸಿಲಿಕಾ ಜೆಲ್ ಇರುವ ಡಬ್ಬಿಗೆ ಹಾಕಿ. ನಮ್ಮ ಮಳೆಗಾಲದ ಥಂಡಿಗೆ ಲೆನ್ಸಿನಲ್ಲಿ ಫಂಗಸ್ ಬರಲು ಹೆಚ್ಚು ಹೊತ್ತು ಬೇಡ.

2023ರಲ್ಲಿ ಬಂದ, ಮಂದ ಬೆಳಕಿನ ಕಾಳುಕಾಳು ಚುಕ್ಕೆಗಳನ್ನು ತೆಗೆಯುವ ಡಿನಾಯ್ಸ್ ಮುಸ್ಸಂಜೆಯ ಫೋಟೊಗಳಿಗೆ ಚೆನ್ನಾಗಿದೆ, ಆದರೆ 50ರಲ್ಲೇ ಬಿಟ್ಟರೆ ಮೋಡ ಪ್ಲಾಸ್ಟಿಕ್ ಹಾಗೆ ನುಣ್ಣಗಾಗುತ್ತದೆ, 30 ಸಾಕು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆ ಲ್ಯಾಪ್‌ಟಾಪ್‌ನಲ್ಲಿ ಇದು ಬಹಳ ನಿಧಾನ. ಆಕಾಶವನ್ನೇ ಬದಲಿಸುವ ಟೂಲ್ ಲೈಟ್‌ರೂಮ್‌ನಲ್ಲಿ ಇಲ್ಲ, ಅದು ಫೋಟೊಶಾಪ್‌ನಲ್ಲಿದೆ. ನನ್ನ ಮಟ್ಟಿಗೆ ಅದು ಬೇಡವೇ ಬೇಡ. ಮರಳಿನ ನೆರಳು ಒಂದು ಕಡೆ, ಮೋಡದ ಬೆಳಕು ಇನ್ನೊಂದು ಕಡೆ ಇದ್ದರೆ ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಫೋಟೊ ತೆಗೆಯುವಾಗ ಒಂದು ಎಚ್ಚರ ಇರಲಿ. ಬಯಲು ಮರಳಿನಲ್ಲಿ ದಿಬ್ಬದ ತುದಿಗೆ ಟ್ರೈಪಾಡ್ ಹಿಡಿದು ನಿಂತರೆ ಸುತ್ತಲಲ್ಲಿ ನೀವೇ ಎತ್ತರ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸುಮ್ನೆ ಇಳಿದು ಲೋಹದ ಚಾವಣಿ ಇರುವ ಮುಚ್ಚಿದ ಗಾಡಿಯೊಳಗೆ ಕುಳಿತು ಕಿಟಕಿ, ಬಾಗಿಲು ಹಾಕಿಕೊಳ್ಳಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆದ ಮೇಲೆ ಹೊರಗೆ ಬನ್ನಿ.

ಇನ್ನು ದುಡ್ಡಿನ ಮಾತು. ಲೈಟ್‌ರೂಮ್ ಕ್ಲಾಸಿಕ್ ಅನ್ನು ಒಮ್ಮೆ ಕೊಂಡು ಇಟ್ಟುಕೊಳ್ಳಲು ಆಗುವುದಿಲ್ಲ, ಬಾಡಿಗೆ ಕಟ್ಟುತ್ತಲೇ ಇರಬೇಕು. ನಿಲ್ಲಿಸಿದರೆ ಫೋಟೊಗಳನ್ನು ನೋಡಬಹುದು, ಎಕ್ಸ್‌ಪೋರ್ಟ್ ಮಾಡಬಹುದು, ಆದರೆ ಫೋಟೊ ತಿದ್ದುವ ಡೆವಲಪ್ ಭಾಗ ಬಂದ್. ವರ್ಷಕ್ಕೊಮ್ಮೆ ಪ್ರವಾಸ ಹೋಗಿ ಒಂದಿಷ್ಟು ಫೋಟೊ ತಿದ್ದುವವರಿಗೆ ಇದು ಹೊರೆ. ಅಂಥವರು ಪುಕ್ಕಟೆ ಸಿಗುವ ಡಾರ್ಕ್‌ಟೇಬಲ್ ಕಲಿಯಿರಿ. ಮೊದಮೊದಲು ತಲೆಬಿಸಿ ಮಾಡುತ್ತದೆ, ಆದರೆ ಬಣ್ಣ ಮತ್ತು ಬೆಳಕು ನೋಡಿ ಆರಿಸುವ ಮಾಸ್ಕ್ ಅದರಲ್ಲೂ ಇದೆ. ಬರೀ ಫೋನ್ ಇದ್ದವರಿಗೆ ಸ್ನ್ಯಾಪ್‌ಸೀಡ್ ಸಾಕು. ಅದರ ಸೆಲೆಕ್ಟಿವ್ ಟೂಲ್‌ನ ಚುಕ್ಕಿಯನ್ನು ಬೆಳಗಿದ ಮರಳಿನ ಮೇಲಿಟ್ಟು ಬ್ರೈಟ್‌ನೆಸ್ ಸ್ವಲ್ಪ ಏರಿಸಿ, ಎಚ್‌ಡಿಆರ್ ಫಿಲ್ಟರ್ ಕಡೆ ಹೋಗಬೇಡಿ.