ಯುವನಿಧಿ ಸೇವೆಯ ವಿಮರ್ಶೆ: ಅರ್ಜಿಯಿಂದ ಖಾತೆಯವರೆಗೆ ಆರು ತಿಂಗಳು

ಕರ್ನಾಟಕ ಸರ್ಕಾರದ ಯುವನಿಧಿ ಯೋಜನೆಯಡಿ ನನ್ನ ತಂಗಿಗೆ ನಿರುದ್ಯೋಗ ಭತ್ಯೆ ಪಡೆಯಲು 2024ರ ಫೆಬ್ರವರಿ ಕೊನೆಯಲ್ಲಿ ಅರ್ಜಿ ಹಾಕಿದೆವು. ಆಗಸ್ಟ್ ಕೊನೆಯಲ್ಲಿ ಆ ಹಣವನ್ನು ಕಣ್ಣಾರೆ ಕಂಡೆವು. ಉಡುಪಿ ಜಿಲ್ಲೆಯಲ್ಲಿ ಇದೇ ದಾರಿಯಲ್ಲಿ ಅಲೆಯುತ್ತಿರುವ ಪದವೀಧರರಿಗೂ ಅವರ ಮನೆಯವರಿಗೂ ಉಪಯೋಗವಾಗಲಿ ಎಂದು, ಒಂದು ಸೇವೆಯಾಗಿ ಇದು ನಮಗೆ ಹೇಗೆ ಕಂಡಿತು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಕ ಕೊಡಬೇಕೆಂದರೆ ಐದಕ್ಕೆ ಮೂರು ಕೊಡುತ್ತೇನೆ. ಕಳೆದ ಎರಡು ಅಂಕಗಳಲ್ಲಿ ಒಂದಷ್ಟು ಪಾಲು ನಮ್ಮದೇ ಅಜಾಗರೂಕತೆಗೆ ಸೇರಬೇಕು.

ಯೋಜನೆಯ ಲೆಕ್ಕ ಸರಳವಾಗಿದೆ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. ತೇರ್ಗಡೆಯಾದ ಮೇಲೆ 180 ದಿನ ಕೆಲಸವಿಲ್ಲದೆ ಇದ್ದಿರಬೇಕು. ಮುಂದಿನ ಓದಿಗೆ ಸೇರಿದವರಿಗೂ ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೂ ಇದು ಸಿಗುವುದಿಲ್ಲ. 2023ರ ಡಿಸೆಂಬರ್ 26ರಂದು ನೋಂದಣಿ ಆರಂಭವಾಗಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯೋಜನೆಗೆ ಚಾಲನೆ ದೊರೆಯಿತು. ತಂಗಿಯ ಫಲಿತಾಂಶ 2023ರ ಆಗಸ್ಟಿನಲ್ಲಿ ಬಂದಿದ್ದರಿಂದ ಫೆಬ್ರವರಿಯಲ್ಲಿ ಅವಳ 180 ದಿನ ತುಂಬಿತು.

ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಸಲ್ಲಿಸಲು ಶುಲ್ಕವಿಲ್ಲ. ಮೊಬೈಲಿಗೆ ಆಧಾರ್ ಜೋಡಣೆಯಾಗಿದ್ದರೆ ಮನೆಯಲ್ಲೇ ಕೂತು ಮುಗಿಸಬಹುದಾದ ಕೆಲಸ. ಅದು ತಿಳಿಯದೆ ನಾವು ಬಸ್ ನಿಲ್ದಾಣದ ಬಳಿಯ ಒಂದು ಸೈಬರ್ ಅಂಗಡಿಗೆ ಹೋಗಿ 200 ರೂಪಾಯಿ ತೆತ್ತೆವು. ಅಂಗಡಿಯವರು ಅವಸರದಲ್ಲಿ ಎಲ್ಲವನ್ನೂ ತುಂಬಿ ಕಳುಹಿಸಿದರೇ ಹೊರತು, ಆಧಾರದಲ್ಲಿ ಮತ್ತು ಅಂಕಪಟ್ಟಿಯಲ್ಲಿ ಹೆಸರು ಬೇರೆ ಬೇರೆ ಇರುವುದನ್ನು ನಮ್ಮ ಗಮನಕ್ಕೆ ತರಲಿಲ್ಲ. ಕರಾವಳಿಯವರಿಗೆ ಇದು ಹೊಸ ಸಂಕಟವಲ್ಲ. ಶಾಲೆಗೆ ಸೇರಿಸುವಾಗ ಪೂಜಾರಿ ಎಂದು ಬರೆಸಿ, ಆಧಾರ್ ಮಾಡಿಸುವಾಗ ಬರಿ, ಅಂದರೆ ತುಳುವರ ವಂಶದ ಹೆಸರಾದ ಕೋಟ್ಯಾನ್ ಎಂದು ಹೇಳಿಬಿಡುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಎಷ್ಟು ಸಲ ಹೇಳಿ ನಕ್ಕೆವೋ ಲೆಕ್ಕವಿಲ್ಲ. ಕೊನೆಗೆ ಹತ್ತನೆಯ ತರಗತಿಯ ಅಂಕಪಟ್ಟಿಯನ್ನು ತಿದ್ದಿಸುವುದಕ್ಕಿಂತ ಆಧಾರನ್ನು ತಿದ್ದಿಸುವುದೇ ಹಗುರವೆಂದು ತೀರ್ಮಾನಿಸಿ, ಅಂಚೆ ಕಚೇರಿಯ ಆಧಾರ್ ಕೇಂದ್ರದಲ್ಲಿ 50 ರೂಪಾಯಿ ಕೊಟ್ಟು ಹೆಸರನ್ನು ಅಂಕಪಟ್ಟಿಯಂತೆ ಮಾಡಿಸಿದೆವು. ಆಧಾರದಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶವಿರುವುದರಿಂದ, ಅಕ್ಷರ ಅಕ್ಷರವನ್ನೂ ಪರದೆಯ ಮೇಲೆ ನೋಡಿಯೇ ಒಪ್ಪಿಗೆ ಕೊಡುವುದು ಒಳಿತು.

ನಿಜವಾದ ವಿಳಂಬ ಆರಂಭವಾದದ್ದು ಇದಾದ ಮೇಲೆ. ಅಭ್ಯರ್ಥಿ ನಿಜಕ್ಕೂ ಪದವಿ ಪಡೆದಿದ್ದಾರೆಯೇ ಎಂಬುದನ್ನು ಸರ್ಕಾರ ನಾವು ಕೊಟ್ಟ ಜೆರಾಕ್ಸ್ ನೋಡಿ ನಂಬುವುದಿಲ್ಲ. ನ್ಯಾಷನಲ್ ಅಕಾಡೆಮಿಕ್ ಡೆಪಾಸಿಟರಿ, ಅಂದರೆ ಎಲ್ಲರೂ ಎನ್‌ಎಡಿ ಎನ್ನುವ ಡಿಜಿಟಲ್ ಕಣಜದಲ್ಲಿ ಶಿಕ್ಷಣ ಸಂಸ್ಥೆಯೇ ಏರಿಸಿಟ್ಟಿರುವ ದಾಖಲೆಯೊಂದಿಗೆ ಅರ್ಜಿಯನ್ನು ತಾಳೆ ನೋಡುತ್ತದೆ. ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ, ಏಕೆಂದರೆ ನಕಲಿ ಅಂಕಪಟ್ಟಿಗೆ ಇಲ್ಲಿ ಜಾಗವಿಲ್ಲ. ಆದರೆ ಸಂಸ್ಥೆಯವರು ದಾಖಲೆ ಏರಿಸದೆ ಇದ್ದರೆ ಅದರ ಫಲ ಉಣ್ಣಬೇಕಾದವನು ವಿದ್ಯಾರ್ಥಿ. ತಂಗಿ ಓದಿದ ಸಂಸ್ಥೆಯ ಕಚೇರಿಗೆ ಮಾರ್ಚ್ ತಿಂಗಳೊಂದರಲ್ಲೇ ನಾಲ್ಕು ಸಲ ಹೋದೆವು. "ನಾವು ಕಳಿಸಿ ಆಗಿದೆ ಮಾರಾಯ್ರೆ, ಮೇಲಿನವರು ಹಾಕ್ಬೇಕು" ಎಂಬ ಒಂದೇ ಉತ್ತರ ನಾಲ್ಕು ಸಲವೂ ಸಿಕ್ಕಿತು. ಐದನೆಯ ಸಲ ತಂಗಿ ಆ ಕಣಜದ ದಾಖಲೆಗಳು ಕಾಣಿಸುವ ತನ್ನ ಡಿಜಿಲಾಕರ್ ತೆರೆದು, ಅಂಕಪಟ್ಟಿ ಇರಬೇಕಾದ ಜಾಗ ಖಾಲಿ ಇರುವುದನ್ನು ಗುಮಾಸ್ತರ ಮೇಜಿನ ಮೇಲೆಯೇ ಇಟ್ಟು ತೋರಿಸಿ, ನೋಂದಣಿ ಸಂಖ್ಯೆಯನ್ನು ನಮೂದಿಸಿದ ಮನವಿ ಕೊಟ್ಟು, ಅದರ ಪ್ರತಿಗೆ ಮೊಹರು ಹಾಕಿಸಿಕೊಂಡು ಬಂದಳು. ಮೊಹರು ಬಿದ್ದ ಮೇಲೆ ಹದಿನೈದು ದಿನಗಳಲ್ಲಿ ದಾಖಲೆ ಏರಿತು. ಬಾಯಿಮಾತಿನಲ್ಲಿ ಕೇಳುತ್ತಾ ಕಳೆದ ಒಂದು ತಿಂಗಳು ವ್ಯರ್ಥವಾಯಿತೆಂದು ಈಗ ಅನ್ನಿಸುತ್ತದೆ.

ಮೂಲ ದಾಖಲೆಗಳ ಪರಿಶೀಲನೆಗೆ ಮಣಿಪಾಲದಲ್ಲಿರುವ ಜಿಲ್ಲಾಡಳಿತ ಸಂಕೀರ್ಣ ರಜತಾದ್ರಿಗೆ ಹೋದ ದಿನದ ಬಗ್ಗೆ ಒಳ್ಳೆಯ ಮಾತನ್ನೇ ಬರೆಯಬೇಕು. ಸಿಬ್ಬಂದಿ ಸೌಜನ್ಯದಿಂದ ಮಾತನಾಡಿಸಿ ಅರ್ಧ ಗಂಟೆಯೊಳಗೆ ಕಳುಹಿಸಿಕೊಟ್ಟರು. ಮೇ ಕೊನೆಯಲ್ಲಿ ಅರ್ಜಿ ಮಂಜೂರಾಯಿತು.

ಮಂಜೂರಾದ ಮೇಲೂ ಜೂನಿನಲ್ಲಿ ಹಣ ಬರಲಿಲ್ಲ, ಜುಲೈಯಲ್ಲೂ ಬರಲಿಲ್ಲ. ತಂಗಿ ದಿನಬಳಕೆಯ ಖಾತೆಯ ಪಾಸ್‌ಬುಕ್ಕನ್ನು ವಾರಕ್ಕೊಮ್ಮೆ ಯಂತ್ರಕ್ಕೆ ಕೊಟ್ಟು ನೋಡುತ್ತಿದ್ದಳು. ಆಗಸ್ಟಿನಲ್ಲಿ ಪರಿಚಯದವರೊಬ್ಬರು ಸರ್ಕಾರದ ನೇರ ನಗದು ಪಾವತಿಯ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ಹಾಕಿಕೊಳ್ಳಲು ಹೇಳಿದರು. ತೆರೆದು ನೋಡಿದರೆ ಎರಡೂ ತಿಂಗಳ ಹಣ ಪಾವತಿಯಾಗಿದೆ ಎಂದೇ ಇತ್ತು, ಆದರೆ ಬ್ಯಾಂಕಿನ ಹೆಸರು ಬೇರೆ. ಪದವಿಯ ಮೊದಲ ವರ್ಷದಲ್ಲಿ ವಿದ್ಯಾರ್ಥಿವೇತನಕ್ಕಾಗಿ ತೆರೆದು, ಒಂದೂವರೆ ವರ್ಷದಿಂದ ಮುಟ್ಟದೆ ಬಿಟ್ಟಿದ್ದ ಖಾತೆಗೆ ಹಣ ಹೋಗಿತ್ತು. ಇಂಥ ಪಾವತಿಯಲ್ಲಿ ಹಣ ಖಾತೆ ಸಂಖ್ಯೆಯನ್ನು ಹಿಡಿದು ಬರುವುದಿಲ್ಲ, ಆಧಾರ್ ಸಂಖ್ಯೆಯನ್ನು ಹಿಡಿದು ಬರುತ್ತದೆ. ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರಿಗೆ ಯಾವ ಬ್ಯಾಂಕು ಕೊನೆಯದಾಗಿ ಜೋಡಣೆಯಾಗಿದೆಯೋ ಅಲ್ಲಿಗೇ ಹೋಗುತ್ತದೆ. ಹಳೆಯ ಪಾಸ್‌ಬುಕ್ಕನ್ನು ಕಪಾಟಿನಿಂದ ಹುಡುಕಿ ತೆಗೆದು ಆ ಶಾಖೆಗೆ ಹೋದಾಗ ಮುದ್ರಣದಲ್ಲಿ ಮೂರು ಸಾಲು ಬಂತು: 3,000 ಜಮೆ, 3,000 ಜಮೆ, ಕನಿಷ್ಠ ಶಿಲ್ಕು ಇಲ್ಲದ್ದಕ್ಕೆ 590 ಖರ್ಚು. ವಿದ್ಯಾರ್ಥಿ ಖಾತೆ ಯಾವಾಗಲೋ ಸಾಮಾನ್ಯ ಖಾತೆಯಾಗಿ ಬದಲಾಗಿತ್ತಂತೆ. ಆ 590 ರೂಪಾಯಿ ಮರಳಲಿಲ್ಲ. ಅರ್ಜಿ ಹಾಕುವ ಮೊದಲೇ ಆಧಾರ್ ಪ್ರಾಧಿಕಾರವಾದ ಯುಐಡಿಎಐ ಜಾಲತಾಣದಲ್ಲಿ ನಿಮ್ಮ ಆಧಾರಿಗೆ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ನೋಡಿಕೊಳ್ಳಿ. ಎರಡು ನಿಮಿಷದ ಕೆಲಸ.

ಇದಕ್ಕಿಂತ ದೊಡ್ಡ ನಷ್ಟ ನಮ್ಮ ತಪ್ಪಿನಿಂದಲೇ ಆಯಿತು. ತನಗಿನ್ನೂ ಕೆಲಸ ಸಿಕ್ಕಿಲ್ಲ, ಓದನ್ನೂ ಮುಂದುವರಿಸುತ್ತಿಲ್ಲ ಎಂದು ಫಲಾನುಭವಿ ಆಗ ಪ್ರತಿ ತಿಂಗಳು 25ರೊಳಗೆ ಸ್ವಯಂ ಘೋಷಣೆ ಸಲ್ಲಿಸಬೇಕಿತ್ತು. ಬಾರದ ಹಣಕ್ಕೆ ಘೋಷಣೆ ಯಾಕೆ ಎಂಬ ಬೇಸರದಲ್ಲಿ ತಂಗಿ ಆಗಸ್ಟ್ ತಿಂಗಳದ್ದನ್ನು ಕೊಡಲಿಲ್ಲ. ಹಣ ಬೇರೆಡೆ ಬಂದಿರುವುದು ತಿಳಿಯುವ ಹೊತ್ತಿಗೆ 25 ದಾಟಿತ್ತು, ಆ ತಿಂಗಳ ಕಂತು ತಪ್ಪಿತು. ಹಣ ಬರಲಿ ಬಿಡಲಿ, ಘೋಷಣೆಯನ್ನು ಮಾತ್ರ ನಿಲ್ಲಿಸಬಾರದು.

ತಪ್ಪಿದ ಕಂತಿಗಾಗಿ ಮೊದಲು ರಾಜ್ಯ ಸರ್ಕಾರದ ದೂರು ಸಹಾಯವಾಣಿ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ ಸಂಖ್ಯೆ ಪಡೆದೆವು. ಘೋಷಣೆ ಸಲ್ಲಿಕೆಯಾಗಿಲ್ಲ ಎಂಬ ಒಂದು ಸಾಲಿನ ಉತ್ತರದೊಂದಿಗೆ ದೂರು ಮುಕ್ತಾಯವಾಯಿತು. ಆಮೇಲೆ ಮಾಹಿತಿ ಹಕ್ಕು ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಮುಂದಿನ 30 ದಿನಗಳೊಳಗೆ ಮೊದಲ ಮೇಲ್ಮನವಿ ಸಲ್ಲಿಸಬಹುದು. "ನನ್ನ ಹಣ ಯಾಕೆ ಬರಲಿಲ್ಲ" ಎಂದು ಕೇಳಿದರೆ ಪ್ರಯೋಜನವಿಲ್ಲ. "ನನ್ನ ಅರ್ಜಿ ಸಂಖ್ಯೆ ಇಂಥದ್ದು, ಇದು ಯಾವ ದಿನಾಂಕದಿಂದ ಯಾವ ಹಂತದಲ್ಲಿತ್ತು, ಪ್ರತಿ ಹಂತದ ಟಿಪ್ಪಣಿಯ ಪ್ರತಿ ಕೊಡಿ" ಎಂದು ದಾಖಲೆಯನ್ನೇ ಕೇಳಬೇಕು. ಮಂಜೂರಾತಿಯೇ ತಡವಾಗಿರುವವರಿಗೆ ಈ ದಾರಿ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಅರ್ಜಿ ಯಾರ ಮೇಜಿನಲ್ಲಿ ಕೂತಿದೆ ಎಂಬುದು ಅದರಿಂದ ಕಾಗದದ ಮೇಲೆ ಬರುತ್ತದೆ.

ಇದ್ದ ಕೆಲಸ ಕಳೆದುಕೊಂಡವರಿಗೂ ಒಂದು ಮಾತು. ಸಂಬಳದಲ್ಲಿ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆಯ ಕಂತು ಕಡಿತವಾಗುತ್ತಿದ್ದವರು, ಕೆಲಸ ಹೋದವರಿಗೆ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಬಗ್ಗೆ ಇಎಸ್‌ಐ ಶಾಖಾ ಕಚೇರಿಯಲ್ಲಿ ವಿಚಾರಿಸಬೇಕು. 2018ರ ಜುಲೈಯಲ್ಲಿ ಆರಂಭವಾದ ಆ ಯೋಜನೆಯಲ್ಲಿ ಮೊದಲು ಸರಾಸರಿ ದಿನಗಳಿಕೆಯ ಶೇ. 25ರಷ್ಟು ಸಿಗುತ್ತಿತ್ತು, 2020ರಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು, ಗರಿಷ್ಠ 90 ದಿನ, ಜೀವಮಾನದಲ್ಲಿ ಒಮ್ಮೆ. ಅದರ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿರುವುದರಿಂದ ಸದ್ಯದ ಸ್ಥಿತಿಯನ್ನು ಅಲ್ಲೇ ಕೇಳಿಕೊಳ್ಳುವುದು ಲೇಸು.

ಸೆಪ್ಟೆಂಬರಿನಿಂದ ಹಣ ತಿಂಗಳು ತಿಂಗಳು ಸರಿಯಾದ ಖಾತೆಗೇ ಬಂತು, ನಡುವೆ ಯಾರೂ ಒಂದು ಪೈಸೆಯನ್ನೂ ಕೇಳಲಿಲ್ಲ. ಬ್ಯಾಂಕಿಂಗ್ ಪರೀಕ್ಷೆಯ ಪುಸ್ತಕಗಳಿಗೂ ಮಂಗಳೂರಿಗೆ ಸಂದರ್ಶನಕ್ಕೆ ಹೋಗಿಬರುವ ಬಸ್ಸಿಗೂ ತಂಗಿ ಅಪ್ಪನ ಬಳಿ ಕೈಯೊಡ್ಡಬೇಕಾಗಲಿಲ್ಲ. ನಾನು ಕೊಟ್ಟ ಮೂರು ಅಂಕಗಳು ಇದಕ್ಕಾಗಿ. ಆಗಸ್ಟಿನ ಕಂತು ಮಾತ್ರ ಬರಲಿಲ್ಲ. ಮಾಹಿತಿ ಹಕ್ಕಿನ ಉತ್ತರದಲ್ಲೂ 1902ರವರು ಹೇಳಿದ ಆ ಒಂದು ಸಾಲೇ ಇತ್ತು, ಈ ಸಲ ಸಹಿ ಮತ್ತು ಮೊಹರಿನೊಂದಿಗೆ.